ಎರವಲು ಕುದುರೆಯ ರಸೀದಿ

ಏಳನೆಯ ಕಂತು

"ಇದು ನನ್ನ ತುಂಗೆ ಅಲ್ಲ."

ದೀಕ್ಷಿತಾ ಮೂರನೇ ಸಲ ಹೇಳಿದಳು. ಮೊದಲ ಸಲ ಹೇಳುವಾಗ ಸಿಟ್ಟಿತ್ತು, ಎರಡನೇ ಸಲ ಅಳುವಿತ್ತು. ಈ ಸಲ ಎರಡೂ ಇರಲಿಲ್ಲ. ತನ್ನ ಕಣ್ಣನ್ನು ತಾನೇ ನಂಬಲಾಗದವಳ ಹಾಗೆ, ಕುದುರೆಗೂ ಯಮುನಕ್ಕನಿಗೂ ನಡುವೆ ಎಲ್ಲೋ ನೋಡುತ್ತ ಹೇಳಿದಳು.

ಕುದುರೆ ಮಾತ್ರ ಇದ್ಯಾವುದೂ ತನಗೆ ಸಂಬಂಧಿಸಿದ್ದಲ್ಲ ಎಂಬಂತೆ ಹುಲ್ಲು ಜಗಿಯುತ್ತಿತ್ತು.

"ಮೇಡಂ, ನೀವು ಅಲ್ಲ ಅಂದ್ರೆ ಅಲ್ಲ ಆಗ್ಬಿಡುತ್ತಾ?" ಸತೀಶ ಕೈಯಲ್ಲಿದ್ದ ಫೈಲನ್ನು ಲಾಯದ ಕಂಬಿಯ ಮೇಲೆ ಬಿಡಿಸಿಟ್ಟ. "ಕಂದು ಬಣ್ಣ. ಹಣೇಲಿ ಬಿಳಿ ಚುಕ್ಕೆ. ಹಿಂದಿನ ಎಡಗಾಲು ಗೊರಸಿನ ಮೇಲೆ ಗೇಣುದ್ದ ಬಿಳಿ. ಕುತ್ತಿಗೆ ಬಲಗಡೆ ಒಂದು ಸುಳಿ. ಕರಾರಲ್ಲಿ ಏನಿದೆಯೋ ಕುದುರೆ ಮೇಲೂ ಅದೇ ಇದೆ. ಒಂದು ಕೂದಲು ಆಚೀಚೆ ಇದ್ರೆ ಹೇಳಿ, ನನ್ನ ಕಿವಿ ಕೊಯ್ದು ಕೊಡ್ತೀನಿ."

"ನಿಮ್ಮ ಕಿವಿ ತಗೊಂಡು ನಾನೆಂಥ ಮಾಡ್ಲಿ? ನಂಗೆ ನನ್ನ ಕುದುರೆ ಬೇಕು."

ಆರು ತಿಂಗಳ ಹಿಂದೆ, ಮೊಣಕಾಲಿನ ಆಪರೇಷನ್ ಆಗಿ ಮಲಗಿದ್ದಾಗ, ಗಾಳಿಬೀಡಿನ ದೀಕ್ಷಿತಾ ತಾನು ಮರಿಯಿಂದ ಸಾಕಿದ ತುಂಗೆಯನ್ನು ಕುಶಾಲನಗರದ ಈ ಸತೀಶನ ಸವಾರಿ ಶಾಲೆಗೆ ಎರವಲು ಕೊಟ್ಟಿದ್ದಳು. ಇವತ್ತು ಆ ಅವಧಿಯ ಕೊನೆಯ ದಿನ.

ಕೊನೆಯ ದಿನ ಮಾತ್ರವಲ್ಲ, ಕೊನೆಯ ಗಂಟೆಗಳು. ಕರಾರಿನ ಒಂಬತ್ತನೇ ಷರತ್ತನ್ನು ಯಮುನಕ್ಕ ಕನ್ನಡಕ ಮೂಗಿನ ತುದಿಗಿಳಿಸಿಕೊಂಡು ಎರಡು ಸಲ ಓದಿದ್ದರು. ಸಂಜೆ ಐದರೊಳಗೆ ಮಾಲೀಕರು ಕುದುರೆಯನ್ನು ಮರಳಿ ಪಡೆದು ರಸೀದಿಗೆ ಸಹಿ ಹಾಕಬೇಕು. ಹಾಕದಿದ್ದರೆ ಕುದುರೆಯ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಂತೆ.

ಸಹಿ ಹಾಕಿದರೆ, ಈ ಹುಲ್ಲು ಜಗಿಯುತ್ತಿರುವುದೇ ತುಂಗೆ ಎಂದು ಒಪ್ಪಿದ ಹಾಗೆ. ಹಾಕದಿದ್ದರೆ, ನಿಜವಾದ ತುಂಗೆ ನಾಳೆ ಎದುರಿಗೆ ಬಂದು ನಿಂತರೂ ದೀಕ್ಷಿತಾ ಅದನ್ನು ತನ್ನದೆನ್ನುವ ಹಾಗಿಲ್ಲ.

"ಈ ಷರತ್ತು ಯಾರು ಟೈಪ್ ಮಾಡಿದ್ದು ಮಗ?" ಯಮುನಕ್ಕ ದೀಕ್ಷಿತಾಳನ್ನು ಕೇಳಿದರು.

"ಕುಶಾಲನಗರದಲ್ಲಿ ಯಾರೋ. ಅಪ್ಪನೇ ಮಾಡಿಸ್ಕೊಂಡು ಬಂದ್ರು."

"ಮಡಿಕೇರೀಲಿ ನಾನು ಬದುಕೇ ಇದ್ದೆ ಅಲ್ವಾ?"

ಮಡಿಕೇರಿಯ ಕೋರ್ಟಿನ ಎದುರು ಮೂವತ್ತು ವರ್ಷದಿಂದ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡವರ ಹೊಟ್ಟೆಯುರಿ ಅದು. ಪಾಲುಪಟ್ಟಿ, ಕ್ರಯಪತ್ರ, ಅಫಿಡವಿಟ್ಟು ಎಂದು ಅವರ ಕೈದಾಟಿ ಹೋದ ಕಾಗದಗಳಿಗೆ ಲೆಕ್ಕವಿಲ್ಲ. ಯಾವ ಕಾಗದ ನೇರವಾಗಿದೆ, ಯಾವುದು ಸೊಟ್ಟಗಿದೆ ಎಂದು ಅವರಿಗೆ ಓದುವ ಮೊದಲೇ ಅನುಮಾನ ಬರುತ್ತದೆ. ಆ ಅನುಮಾನ ಕೇಳಲೆಂದೇ ಜನ ಅವರಲ್ಲಿಗೆ ಬರುತ್ತಾರೆ.

ಇವತ್ತು ಮಾತ್ರ ಅನುಮಾನ ಯಾರ ಮೇಲೆ ಎಂದೇ ಅವರಿಗೆ ತಿಳಿಯುತ್ತಿಲ್ಲ.

ಸತೀಶ ಟಿವಿ ರಿಮೋಟಿನಂಥದ್ದೊಂದನ್ನು ತಂದು ಕುದುರೆಯ ಕುತ್ತಿಗೆಗೆ ಹಿಡಿದ. ಅದು ಕುಂಯ್ ಎಂದಿತು. ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಒಂದನ್ನು ಪಶುವೈದ್ಯರು ಸೇರಿಸಿರುತ್ತಾರೆ. ಅದರ ನಂಬರು ಹದಿನೈದು ಅಂಕಿಯದು. ಯಮುನಕ್ಕ ಒಂದೊಂದೇ ಅಂಕಿಯನ್ನು ಕರಾರಿನ ಜೊತೆ ಉಗುರಿನಿಂದ ಗುರುತು ಮಾಡುತ್ತ ನೋಡಿದರು. ಹದಿನೈದಕ್ಕೆ ಹದಿನೈದೂ ಸರಿ.

"ಸಾಕಾ ಮೇಡಂ?" ಎಂದ ಸತೀಶ.

ದೀಕ್ಷಿತಾ ಬ್ಯಾಗಿನಿಂದ ಕಿತ್ತಳೆ ತೆಗೆದಳು. ಸಿಪ್ಪೆ ಸುಲಿದು, ಹಣ್ಣನ್ನು ಯಮುನಕ್ಕನ ಕೈಗೆ ಕೊಟ್ಟು, ಸಿಪ್ಪೆಯನ್ನು ಅಂಗೈಯಲ್ಲಿಟ್ಟು ಕುದುರೆಯ ಮೂತಿಯ ಬಳಿ ಹಿಡಿದಳು. "ತುಂಗೆಗೆ ಇದಂದ್ರೆ ಜೀವ. ಬೇಲಿ ಹಾರಿ ಬರ್ತದೆ."

ಕುದುರೆ ಮೂಸಿತು. ಸೀನಿತು. ಮುಖ ತಿರುಗಿಸಿತು.

"ಮೇಡಂ, ಆರು ತಿಂಗಳಲ್ಲಿ ನಾಲಿಗೆ ರುಚಿ ಬದಲಾಗಲ್ವಾ? ನಂಗೇ ಮೊದ್ಲು ಹಾಗಲಕಾಯಿ ಆಗ್ತಿರ್ಲಿಲ್ಲ."

"ಅಕ್ಕಾ, ಹತ್ತಿಸೋದಾ, ಬೇಡ್ವಾ?" ರಸ್ತೆಯಲ್ಲಿ ಪಿಕಪ್ ನಿಲ್ಲಿಸಿಕೊಂಡಿದ್ದ ಮಂಜೇಶ ಅಲ್ಲಿಂದಲೇ ಕೂಗಿದ. "ಕುದುರೆ ಯಾವ್ದಾದ್ರೂ ಬಾಡಿಗೆ ಒಂದೇ!"

"ನೀನು ಸುಮ್ನೆ ಕೂತ್ಕೊ ಮಾರಾಯ!"

ಯಮುನಕ್ಕ ಕಿತ್ತಳೆಯ ಒಂದು ತೊಳೆ ಬಾಯಿಗೆ ಹಾಕಿಕೊಂಡು ದೀಕ್ಷಿತಾಳ ಮೊಬೈಲಿನಲ್ಲಿದ್ದ ತುಂಗೆಯ ಫೋಟೋ ನೋಡಿದರು. ಕುದುರೆಯನ್ನು ನೋಡಿದರು. ಮತ್ತೆ ಫೋಟೋ ನೋಡಿದರು. ಅದೇ ಚುಕ್ಕೆ, ಅದೇ ಕಾಲು. ಕಾಗದವೂ ಯಂತ್ರವೂ ಫೋಟೋವೂ ಒಂದು ಕಡೆ, ಹುಡುಗಿಯ ಮನಸ್ಸು ಒಂದು ಕಡೆ. ಮನಸ್ಸನ್ನು ಜೆರಾಕ್ಸ್ ಮಾಡಿ ಯಾವ ಕೋರ್ಟಿಗೆ ಕೊಡುವುದು?

"ಹಳೇ ಲಸಿಕೆ ಪುಸ್ತಕ ಇತ್ತಲ್ಲ, ಚಿಪ್ ನಂಬರ್ ಬರೆದದ್ದು?"

"ಕುದುರೆ ಜೊತೆ ಕಳ್ಸಿದ್ದೆ."

"ಜೆರಾಕ್ಸ್?"

ದೀಕ್ಷಿತಾ ತಲೆ ತಗ್ಗಿಸಿದಳು.

"ಅಯ್ಯೋ ನನ್ನ ಮಗಳೇ! ಎರಡು ರೂಪಾಯಿ ಕೆಲಸ!" ಯಮುನಕ್ಕನಿಗೆ ನಿಜಕ್ಕೂ ಎದೆ ಉರಿಯಿತು. "ಸತೀಶ, ಪುಸ್ತಕ ಎಲ್ಲಿ?"

"ಡಾಕ್ಟ್ರ ಹತ್ರ ಇರ್ಬೇಕು. ಇಲ್ಲಾಂದ್ರೆ ಎಲ್ಲೋ ಇರುತ್ತೆ. ಕರಾರು ಇದೆಯಲ್ಲ ಅಕ್ಕ, ಹಳೇ ಪುಸ್ತಕ ಯಾಕೆ?"

ಕರಾರು ಇತ್ತು. ಎರಡು ಹಾಳೆ. ಮೊದಲನೆಯದು ಸ್ಟಾಂಪ್ ಪೇಪರು, ಅದರಲ್ಲಿ ಷರತ್ತುಗಳು. ಎರಡನೆಯದರಲ್ಲಿ ಕುದುರೆಯ ವಿವರ. ಯಮುನಕ್ಕ ಅದನ್ನು ಬೆಳಕಿಗೆ ಹಿಡಿದರು. ಓದಲಿಕ್ಕಲ್ಲ, ಓದಿ ಆಗಿತ್ತು. ಸುಮ್ಮನೆ ಅಭ್ಯಾಸ.

ಎಡಮೂಲೆಯಲ್ಲಿ ಬೆಳಕು ಚುಕ್ಕೆಚುಕ್ಕೆಯಾಗಿ ತೂರಿ ಬಂತು.

ಪಿನ್ ಹೊಡೆದ ತೂತುಗಳು. ಮೊದಲ ಹಾಳೆಯಲ್ಲಿ ನಾಲ್ಕು. ಎರಡನೇ ಹಾಳೆಯಲ್ಲಿ ಎರಡೇ.

ಅವರು ಬಾಯಲ್ಲಿದ್ದ ಕಿತ್ತಳೆ ಬೀಜವನ್ನು ಮೆಲ್ಲಗೆ ಕೈಗೆ ಉಗುಳಿಕೊಂಡರು.

"ಮಗ, ನೀನು ಎಷ್ಟು ಹಾಳೆಗೆ ಸಹಿ ಹಾಕಿದ್ದೆ?"

"ಎರಡಕ್ಕೂ. ಕಾಲು ದಿಂಬಿನ ಮೇಲಿಟ್ಕೊಂಡು ಹಾಕಿದ್ದು ನೆನಪುಟ್ಟು," ದೀಕ್ಷಿತಾ ಮನೆಮಾತಿಗೆ ಜಾರಿದಳು.

"ಇದ್ರಲ್ಲಿ ಎರಡನೇದಕ್ಕೆ ನಿನ್ನ ಸಹಿ ಇಲ್ಲೆ. ಮಾಲೀಕರ ಪರವಾಗಿ ಅಂತ ನಿನ್ನ ಅಪ್ಪ ನಾಣಯ್ಯಣ್ಣನ ಸಹಿ ಉಟ್ಟು. ನೀನು ಸಹಿ ಹಾಕಿದ್ದು ಸೋಮವಾರ. ಇದ್ರ ಮೇಲಿನ ತಾರೀಕು ಆ ವಾರದ ಗುರುವಾರ."

ದೀಕ್ಷಿತಾ ಹಾಳೆಯನ್ನು ಕಸಿದುಕೊಂಡ ಹಾಗೆ ತೆಗೆದುಕೊಂಡಳು. ಆರು ತಿಂಗಳು ಈ ಕರಾರಿನ ಇನ್ನೊಂದು ಪ್ರತಿ ಅವಳ ಬೀರುವಿನಲ್ಲೇ ಇತ್ತು. ಅಪ್ಪ ತಂದು ಕೊಟ್ಟಿದ್ದರು, ಅವಳು ಹಾಗೆಯೇ ಒಳಗಿಟ್ಟಿದ್ದಳು. ಅಪ್ಪ ತಂದದ್ದನ್ನು ಬಿಡಿಸಿ ನೋಡುವುದುಂಟೆ?

"ಎರಡನೇ ಹಾಳೆ ಬಿಚ್ಚಿ ಬೇರೆ ಹಾಳೆ ಹಾಕಿದ್ದಾರೆ," ಯಮುನಕ್ಕ ಸತೀಶನ ಕಡೆ ತಿರುಗಿದರು. "ಹಾಗಾದ್ರೆ ಈ ಕಾಗದಕ್ಕೆ ಈ ಕುದುರೆ ಸರಿಹೋಗ್ಲೇಬೇಕಲ್ಲ ಮಾರಾಯ. ಕುದುರೆ ನೋಡ್ಕೊಂಡೇ ಕಾಗದ ಬರೆದಿದ್ದಾರೆ."

"ಟೈಪ್ ತಪ್ಪಾಗಿತ್ತು ಅಕ್ಕ. ತಿದ್ದಿದ್ದು ಅಷ್ಟೇ. ನಾಣಯ್ಯನವರೇ ಕೂತು ತಿದ್ಸಿದ್ದು. ಅವ್ರನ್ನೇ ಕೇಳಿ. ಇವತ್ತು ಯಾಕೆ ಬರ್ಲಿಲ್ಲ ಅವ್ರು?"

"ಸೊಂಟ ನೋವು," ದೀಕ್ಷಿತಾ ಹೇಳಿದಳು. ಹೇಳಿದ ಮೇಲೆ ಆ ಮಾತು ಅವಳಿಗೇ ಹೊಸದಾಗಿ ಕೇಳಿಸಿದಂತೆ ಹುಬ್ಬು ಗಂಟಿಕ್ಕಿದಳು.

ಅಷ್ಟರಲ್ಲಿ ಮನೆಯ ಕಡೆಯಿಂದ ಸತೀಶನ ತಾಯಿ ಕಾಮಾಕ್ಷಮ್ಮ ಕಾಫಿ ಲೋಟಗಳ ತಟ್ಟೆ ಹಿಡಿದು ಬಂದರು. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಮನೆತನ. ಮದುವೆಯಾಗಿ ಬಂದು ನಲವತ್ತು ವರ್ಷವಾದರೂ ಅವರ ಮಾತು ಹಾಸನದಲ್ಲೇ ಇತ್ತು.

"ಬಿಸ್ಲಲ್ಲಿ ನಿಲ್ಸ್ಕಂಡು ಏನೋ ಮಾತಾಡ್ಸ್ತಿದೀಯ? ಕೂತ್ಕಳಿ ಕಣವ್ವ. ಕಾಲು ನೋವಿನ್ ಹುಡ್ಗಿ ನೀನೇ ಅಲ್ವಾ? ಈಗ ಹೆಂಗೈತೆ?"

"ಪರವಾಗಿಲ್ಲ ಅಮ್ಮ."

ಯಮುನಕ್ಕ ಲೋಟ ತೆಗೆದುಕೊಂಡರು. ಕುದುರೆಯ ಕೊರಳಲ್ಲಿ ನೀಲಿ ನೈಲಾನ್ ಹಗ್ಗವಿತ್ತು. ಸುಮ್ಮನೆ, ಮಾತಿಗೆ ಮಾತು ಅಂದಂತೆ ಕೇಳಿದರು:

"ತುಂಗೆ ಬಂದದ್ದು ಈ ಹಗ್ಗದಲ್ಲೇನಾ ಕಾಮಾಕ್ಷಮ್ಮ?"

"ಇಲ್ಲ ಕಣವ್ವ. ನಾರಿನ ಹಗ್ಗ. ಕೈಯಲ್ಲೇ ಹೊಸೆದದ್ದು, ಎಷ್ಟ್ ಚೆನ್ನಾಗಿತ್ತು ಅಂತೀಯ. ಅದ ನಿಮ್ಮ ನಾಣಯ್ಯನೋರು ಅವತ್ತೇ ಬಿಚ್ಕಂಡ್ ಹೋದ್ರಲ್ಲ. ನಾನೇ ಅರಿಶಿನ ಕುಂಕುಮ ಇಟ್ಟು ನಮ್ಮನೆ ಹಗ್ಗ ಕಟ್ದೆ."

ಸತೀಶ "ಅಮ್ಮಾ!" ಎಂದ. ತಡವಾಗಿತ್ತು.

ಯಮುನಕ್ಕ ಲೋಟವನ್ನು ಕಂಬಿಯ ಮೇಲಿಟ್ಟರು. ದೀಕ್ಷಿತಾ ಅಲ್ಲೇ ಇದ್ದ ಹುಲ್ಲಿನ ಕಟ್ಟಿನ ಮೇಲೆ ಕುಳಿತೇಬಿಟ್ಟಳು.

ಗಾಳಿಬೀಡಿನಲ್ಲೂ ಅಷ್ಟೇ, ಕುಶಾಲನಗರದ ಈ ಬಯಲಲ್ಲೂ ಅಷ್ಟೇ. ಪಕ್ಕದ ಮನೆಗೆ ಉಳುಮೆಗೆಂದು ಎತ್ತು ಕೊಟ್ಟರೆ ಹಗ್ಗದ ಸಮೇತ ಕೊಡುತ್ತಾರೆ. ಹಗ್ಗ ನಮ್ಮದು ಅಂದರೆ ಎತ್ತೂ ನಮ್ಮದು. ಮಾರಿದರೆ ಮಾತ್ರ ಹಗ್ಗ ಕೊಡುವುದಿಲ್ಲ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಳ್ಳಬೇಕು, ಮಾರಿದವನು ತನ್ನದನ್ನು ಬಿಚ್ಚಿ ಮನೆಗೆ ಒಯ್ಯಬೇಕು. ಇದಕ್ಕೆ ಸ್ಟಾಂಪ್ ಪೇಪರು ಬೇಡ, ಸಾಕ್ಷಿ ಬೇಡ. ಕುದುರೆ ಸಾಕುವವರು ಇಲ್ಲಿ ಬೆರಳೆಣಿಕೆಯಷ್ಟು ಜನ; ಆದರೂ ಕೊಟ್ಟಿಗೆಯಲ್ಲಿ ಬೆಳೆದ ಕೈ ದನಕ್ಕೆ ಮಾಡಿದ್ದನ್ನೇ ಕುದುರೆಗೂ ಮಾಡುತ್ತದೆ.

ಕಾಗದದಲ್ಲಿ ನಾಣಯ್ಯನವರು ತುಂಗೆಯನ್ನು ಎರವಲು ಕೊಟ್ಟಿದ್ದರು. ಕೈಯಲ್ಲಿ ಮಾತ್ರ ಮಾರಿದ್ದರು.

"ಅಪ್ಪ ಮಾರಿದ್ರಾ?" ದೀಕ್ಷಿತಾ ಯಾರನ್ನೂ ಕೇಳಲಿಲ್ಲ, ಹುಲ್ಲಿಗೆ ಕೇಳಿದಳು. "ನಾನು ಆಸ್ಪತ್ರೆಯಿಂದ ಬಂದು ಮೂರೇ ದಿನ ಆಗಿತ್ತು. ಆರು ತಿಂಗಳು ಯಾರಿಗಾದ್ರೂ ಕೊಡುವ ಮಗ, ನೀನು ಎದ್ದು ಓಡಾಡುವಾಗ ವಾಪಸ್ ತರುವ ಅಂತ ಅಪ್ಪನೇ ಹೇಳಿದ್ದು."

"ಸತೀಶ," ಯಮುನಕ್ಕನ ಧ್ವನಿ ಮೆತ್ತಗಾಗಿತ್ತು. ಅವರು ಧ್ವನಿ ಮೆತ್ತಗೆ ಮಾಡಿದರೆ ಎದುರಿನವರು ಹೆದರಬೇಕೆಂದು ಮಡಿಕೇರಿ ಕೋರ್ಟಿನ ವಕೀಲರಿಗೆಲ್ಲ ಗೊತ್ತು. "ನೀನು ಕೊಂಡ್ಕೊಂಡ್ಯಾ?"

"ದೇವರಾಣೆ ಇಲ್ಲ ಅಕ್ಕ."

"ಹಾಗಾದ್ರೆ ನಿನ್ನ ಲಾಯದಲ್ಲಿ ನಾಣಯ್ಯಣ್ಣ ಹಗ್ಗ ಬಿಚ್ಚಿದ್ದು ಯಾರಿಗೆ?"

ಸತೀಶ ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಹೇಳ್ಲಾ ನಾನೇ?" ಎಂದರು ಕಾಮಾಕ್ಷಮ್ಮ. "ಮೂರ್ ದಿನ ಇತ್ತು ಆ ಕುದ್ರೆ. ಪಾಪ, ಕೂಸಿನಂಗಿತ್ತು. ಕಿತ್ಲೆ ಸಿಪ್ಪೆ ಹಾಕಿದ್ರೆ ನನ್ನ ಸೆರಗನ್ನೇ ಎಳೆಯೋದು. ಆಮೇಲೆ ಗುರುವಾರ ಅದ್ಯಾವ್ದೋ ದೊಡ್ಡ ಗಾಡಿ ಬಂತು..."

"ಅಮ್ಮ, ಸುಮ್ನಿರು. ನಾನ್ ಹೇಳ್ತೀನಿ." ಸತೀಶ ಕೈ ಮುಗಿಯುವಂತೆ ಮಾಡಿದ. "ನಾನು ಕಳ್ಳ ಅಲ್ಲ ಅಕ್ಕ. ಗುರುವಾರ ನಾಣಯ್ಯನವ್ರು ಇದನ್ನ ಕರ್ಕೊಂಡು ಬಂದ್ರು, ತುಂಗೇನ ಅದೇ ಗಾಡೀಲಿ ಹತ್ತಿಸಿ ಕಳಿಸಿದ್ರು. ಕೇರಳದ ಕಡೆ, ಕುಟ್ಟದ ರಸ್ತೆ ಹಿಡೀತೀವಿ ಅಂತ ಡ್ರೈವರ್ ಅಂದ. ಇದ್ರ ಹಗ್ಗ ಮಾತ್ರ ಬಿಚ್ಲಿಲ್ಲ, ಹಂಗೇ ಬಿಟ್ಟು ಹೋದ್ರು. ಆರು ತಿಂಗಳಾದ್ಮೇಲೆ ಇದನ್ನೇ ತುಂಗೆ ಅಂತ ಮಗಳಿಗೆ ಕೊಡಪ್ಪ, ಅವಳಿಗೆ ಗೊತ್ತಾಗಲ್ಲ ಅಂದ್ರು. ಹಿರೀರು ಹೇಳಿದ್ಮೇಲೆ ನಾನು ಯಾಕೆ ಅಂತ ಕೇಳ್ಲಾ?"

"ಕೇಳ್ಬೇಕಿತ್ತು."

"ಕೇಳ್ಬೇಕಿತ್ತು," ಸತೀಶ ಒಪ್ಪಿಕೊಂಡ.

ಯಮುನಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬೆಳಿಗ್ಗೆ ಗಾಳಿಬೀಡಿನಿಂದ ಹೊರಡುವಾಗ ನಾಣಯ್ಯಣ್ಣನೇ ಅಂಗಳದಲ್ಲಿ ನಿಂತು, ಯಮುನ, ನನ್ನ ಮಗಳ ಕುದುರೆ ಬಿಡಿಸ್ಕೊಂಡು ಬಾ ಎಂದು ಹೇಳಿ ಕಳಿಸಿದ್ದ. ಮೋಸ ಮಾಡಿದವನೇ ಮೋಸ ಹಿಡಿಯಲು ಕಳಿಸುವುದೇ? ಅಥವಾ ಮುದುಕಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂಬ ಧೈರ್ಯವೇ? ಮಗಳಿಗೆ ಗೊತ್ತಾಗುವುದಿಲ್ಲ ಎಂದು ಅಷ್ಟು ನಂಬಿದವನು, ಅವಳು ಕುದುರೆಯನ್ನು ಎಷ್ಟು ಬಲ್ಲಳೆಂದು ತುಂಗೆಯನ್ನು ಸಾಕಿದ ಆರು ವರ್ಷದಲ್ಲಿ ಒಂದು ದಿನವೂ ನೋಡಿರಲಿಲ್ಲವೇ?

"ಅಪ್ಪನಿಗೆ ಫೋನ್ ಮಾಡ್ತೆ," ದೀಕ್ಷಿತಾ ಎದ್ದಳು.

"ಸ್ಪೀಕರ್ ಹಾಕು."

ನಾಲ್ಕೂ ಮುಕ್ಕಾಲು ಆಗಿತ್ತು. ಫೋನು ಎರಡು ಸಲ ಬಡಿದುಕೊಂಡು ನಿಂತಿತು. ಮೂರನೇ ಸಲ ಎತ್ತಿದರು. ನಾಣಯ್ಯನವರಿಗೆ ಒಂದು ಕಿವಿ ಮಂದ. ತನಗೆ ಕೇಳದಿದ್ದರೆ ಲೋಕಕ್ಕೂ ಕೇಳುವುದಿಲ್ಲ ಎಂದುಕೊಂಡು ಗಂಟಲು ಹರಿಯುವಂತೆ ಮಾತಾಡುವುದು ಅವರ ವಾಡಿಕೆ.

"ಎಂಥ ಮಗ? ಹತ್ತಿಸಿ ಆತಾ?"

"ಅಪ್ಪ, ತುಂಗೆ ಎಲ್ಲಿ ಉಟ್ಟು?"

"ಅಲ್ಲೇ ಉಟ್ಟಲ್ಲ, ನಿನ್ನ ಎದುರಿಗೆ! ಸಹಿ ಹಾಕ್ ಮಗ. ಐದು ಗಂಟೆ ಆಗ್ತಾ ಬಂತು. ಹಾಕಿ ಕರ್ಕೊಂಡು ಬಾ!"

ಆಗ ಅದು ನಡೆಯಿತು.

ಇಷ್ಟು ಹೊತ್ತು ಯಾರನ್ನೂ ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಕುದುರೆ ಹುಲ್ಲು ಜಗಿಯುವುದನ್ನು ನಿಲ್ಲಿಸಿತು. ಕಿವಿಗಳೆರಡೂ ಮುಂದಕ್ಕೆ ನೆಟ್ಟಗಾದವು. ಬಾಯಿಂದ ಹುಲ್ಲಿನೆಳೆ ಜೋತಾಡುತ್ತಿದ್ದಂತೆಯೇ ಅದು ಕಂಬಿಯ ತನಕ ನಡೆದು ಬಂದು, ದೀಕ್ಷಿತಾಳ ಕೈಯಲ್ಲಿದ್ದ ಫೋನಿಗೆ ಮೂತಿ ತಾಗಿಸಿ, ಲಾಯವೆಲ್ಲ ನಡುಗುವಂತೆ ಕೆನೆಯಿತು.



ಆಮೇಲೆ, ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಮೆತ್ತನೆಯ ಧ್ವನಿಯಲ್ಲಿ, ನಾಣಯ್ಯನವರು ಕರೆದರು:

"ಗೌರೀ..."

ಕುದುರೆ ಮತ್ತೊಮ್ಮೆ ಕೆನೆಯಿತು. ಫೋನು ಕಟ್ಟಾಯಿತು.

ದೀಕ್ಷಿತಾ ಮತ್ತೆ ಮಾಡಿದಳು. ಸ್ವಿಚ್ ಆಫ್.

"ಗೌರಿ ಯಾರು?" ಅವಳು ಯಮುನಕ್ಕನನ್ನು ನೋಡಿದಳು. ಯಮುನಕ್ಕ ಸತೀಶನನ್ನು ನೋಡಿದರು. ಸತೀಶ ಕೈಗಡಿಯಾರ ನೋಡಿಕೊಂಡ.

"ಹತ್ತು ನಿಮಿಷ ಇದೆ ಮೇಡಂ. ಸಹಿ ಹಾಕ್ತೀರಾ, ಇಲ್ವಾ? ನಾನು ಹೇಳೋದೆಲ್ಲ ಹೇಳಿದೀನಿ."

ದೀಕ್ಷಿತಾ ಕೇಳಿಸಿಕೊಂಡಳೋ ಇಲ್ಲವೋ. ಕುದುರೆಯ ಹಣೆಯ ಚುಕ್ಕೆಯ ಮೇಲೆ ಕೈಯಿಟ್ಟಳು. ಅದೀಗ ತಲೆ ತಗ್ಗಿಸಿ ನಿಂತಿತ್ತು, ಫೋನಿನೊಳಗಿನ ಧ್ವನಿ ಎಲ್ಲಿ ಹೋಯಿತೆಂದು ಹುಡುಕುವಂತೆ. ಆಮೇಲೆ ಪೆನ್ನು ಎತ್ತಿಕೊಂಡಳು.

"ಮಗ, ಯೋಚ್ನೆ ಮಾಡು," ಎಂದರು ಯಮುನಕ್ಕ. ಏನು ಯೋಚಿಸಬೇಕೆಂದು ಅವರಿಗೂ ತಿಳಿದಿರಲಿಲ್ಲ.

"ಮಾಡಿದೆ ಅಕ್ಕ. ಇದನ್ನ ಇಲ್ಲಿ ಬಿಟ್ಟು ಹೋದ್ರೆ ನಾಳೆ ಇದೂ ಇರೋದಿಲ್ಲ. ಅಪ್ಪನ ಬಾಯಿ ಬಿಡಿಸೋಕೆ ನಂಗೆ ಇರೋದು ಇದೊಂದೇ."

ರಸೀದಿಯಲ್ಲಿ 'ತುಂಗೆ ಎಂಬ ಹೆಣ್ಣು ಕುದುರೆಯನ್ನು' ಎಂದು ಟೈಪಾಗಿತ್ತು. ದೀಕ್ಷಿತಾ 'ತುಂಗೆ' ಎಂಬುದರ ಮೇಲೆ ನೆಟ್ಟಗೆ ಒಂದು ಗೆರೆ ಎಳೆದಳು. ಮೇಲೆ ದಪ್ಪ ಅಕ್ಷರದಲ್ಲಿ 'ಗೌರಿ' ಎಂದು ಬರೆದಳು. ಪಕ್ಕದಲ್ಲಿ ಸಣ್ಣ ಸಹಿ, ಕೆಳಗೆ ದೊಡ್ಡ ಸಹಿ, ತಾರೀಕು, ಗಂಟೆ. ಅದರ ಕೆಳಗೆ ಇನ್ನೊಂದು ಸಾಲು: 'ನನ್ನ ಕುದುರೆ ತುಂಗೆ ಇನ್ನೂ ನನಗೆ ಮರಳಿ ಬಂದಿಲ್ಲ.'

ಯಮುನಕ್ಕನಿಗೆ ಅವಳನ್ನು ಅಲ್ಲೇ ಅಪ್ಪಿಕೊಳ್ಳಬೇಕೆನಿಸಿತು. ಮೂವತ್ತು ವರ್ಷ ಟೈಪ್ ಮಾಡಿದ ತಮಗೆ ಇದು ಹೊಳೆದಿರಲಿಲ್ಲ. ತಕ್ಷಣ ಮೊಬೈಲ್ ತೆಗೆದು ರಸೀದಿಯ ಫೋಟೋ ಹೊಡೆದುಕೊಂಡರು. ಒಂದಲ್ಲ, ಮೂರು.

"ಮಂಜೇಶ, ಹಲಗೆ ಇಳ್ಸು! ಹತ್ತಿಸೋದೇ!"

"ಬೇಡ!"

ಸತೀಶ ರಸೀದಿಯ ಮೇಲೆ ಎರಡೂ ಕೈ ಊರಿ ನಿಂತಿದ್ದ. ಇಷ್ಟು ಹೊತ್ತು ಜೋರು ಮಾಡುತ್ತಿದ್ದವನ ತುಟಿ ಬೆಳ್ಳಗಾಗಿತ್ತು.

"ಮೇಡಂ, ಕೈ ಮುಗೀತೀನಿ. ಸಹಿನೇ ಬೇಡ. ಹಂಗೇ ಕರ್ಕೊಂಡು ಹೋಗಿ, ಕಾಗದಾನೇ ಬೇಡ. ಆ ಹೆಸ್ರು ಮಾತ್ರ ಹೊಡೆದು ಹಾಕಿ."

"ಯಾಕೆ?"

"ಆ ಹೆಸ್ರಿನ ಕುದುರೆ ಸತ್ತು ಎರಡು ವರ್ಷ ಆಯ್ತು ಮೇಡಂ."

ಗೌರಿ ಬಾಲ ಬೀಸಿ ನೊಣ ಹೊಡೆಯಿತು.

"ಸತ್ತಿದೆ ಅಂತ ಸರ್ಟಿಫಿಕೇಟ್ ಆಗಿದೆ. ಮಾಲೀಕರು ಅಂತ ನಾಣಯ್ಯನವರ ಸಹಿ. ಹೂತಿದ್ದು ಕಣ್ಣಾರೆ ನೋಡಿದೀನಿ, ನಮ್ಮ ಜಮೀನಲ್ಲೇ ಹೂತಿದ್ದು ಅಂತ ಸಾಕ್ಷಿ ಸಹಿ ನಂದು. ಈ ರಸೀದಿ ಹೊರಗೆ ಹೋದ್ರೆ ನಾನೂ ಅವ್ರೂ ಇಬ್ರೂ ಒಳಗೆ."

ಕಾಮಾಕ್ಷಮ್ಮನ ಕೈಯಿಂದ ತಟ್ಟೆ ಜಾರಿತು. ಲೋಟಗಳು ಕಲ್ಲಿನ ಮೇಲೆ ಉರುಳಿ, ಒಂದು ಗೌರಿಯ ಗೊರಸಿಗೆ ತಾಗಿ ನಿಂತಿತು. ಅವರು ಅದನ್ನು ಎತ್ತಿಕೊಳ್ಳಲು ಬಗ್ಗಲಿಲ್ಲ. ಮಗನನ್ನೇ ನೋಡುತ್ತಿದ್ದರು.

"ನಾಲೆ ಏರಿ ಹಿಂದ್ಗಡೆ ಟಾರ್ಪಾಲ್ ಸುತ್ತಿ ಹೂತ್ರಲ್ಲೋ ಸತೀಶ? ಮೂಕ ಜೀವ ಅಂತ ನಾನು ಎಲ್ಡ್ ವರ್ಷದಿಂದ ಅಮಾಸೆಗಮಾಸೆ ಹೂವು ಮಡಗ್ತಾ ಬಂದಿದೀನಿ." ಅವರು ಕುದುರೆಯ ಕಡೆ ಕೈ ತೋರಿಸಿದರು. "ಗೌರಿ ಇಲ್ಲಿ ನಿಂತವ್ಳೆ ಅಂದ್ರೆ, ಅಲ್ಲಿ ಹೂತಿರೋದು ಯಾರ್ನ ಕಣೋ?"